ಸಡಿಲವಾಗುವ ನಿಯಮ, ತಡವಾಗಿ ಬರುವ ಸರ್ಕಾರ

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಒಂದೇ ಆದೇಶದಿಂದ ನಿಲ್ಲಿಸಿತು. ಬಳ್ಳಾರಿ ಜಿಲ್ಲೆಗೆ ಅಂಥದೇ ಆದೇಶ ಜುಲೈ 29ರಂದು ಬಂದಿದ್ದರಿಂದ ನಮ್ಮ ಕಡೆಯ ಗಣಿ ಮಾಲೀಕರಿಗೆ ಇದರ ಸುಳಿವು ಇದ್ದಿರಬಹುದು. ಆದರೆ ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಸಾಲ ಮಾಡಿ ಟಿಪ್ಪರ್ ಕೊಂಡವರಿಗೆ, ಗಣಿ ದಾರಿಯಲ್ಲಿ ಹೋಟೆಲನ್ನೋ ಪಂಕ್ಚರ್ ಅಂಗಡಿಯನ್ನೋ ಇಟ್ಟುಕೊಂಡವರಿಗೆ, ದಿನಗೂಲಿಗೆ ಗಣಿಗೆ ಹೋಗುತ್ತಿದ್ದವರಿಗೆ ಯಾರೂ ಮುಂಚಿತವಾಗಿ ಏನನ್ನೂ ಹೇಳಿರಲಿಲ್ಲ. ಗಡಿಕಲ್ಲು ಕಿತ್ತು ಅರಣ್ಯಕ್ಕೆ ನುಗ್ಗಿದವರೂ, ಗುತ್ತಿಗೆಯ ಗೆರೆ ದಾಟದೆ ಅದಿರು ತೆಗೆದವರೂ ಒಂದೇ ದಿನ ಕೆಲಸ ನಿಲ್ಲಿಸಬೇಕಾಯಿತು. ಗಾಡಿ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಈ ಪ್ರಸಂಗವನ್ನು ಅತಿಯಾದ ನಿಯಂತ್ರಣದಿಂದ ಉದ್ಯಮ ಹಾಳಾಗುವುದಕ್ಕೆ ಉದಾಹರಣೆಯಾಗಿ ಹೇಳುವವರು ಚಿತ್ರದುರ್ಗದಲ್ಲಿ ಇಂದಿಗೂ ಸಿಗುತ್ತಾರೆ. ನನಗೆ ಅದು ತಲೆಕೆಳಗಾದ ಲೆಕ್ಕವೆನಿಸುತ್ತದೆ. 2011ರ ಆ ಆದೇಶ ನಿಯಂತ್ರಣ ಹೆಚ್ಚಾಗಿದ್ದರಿಂದ ಬಂದದ್ದಲ್ಲ. ಅದಕ್ಕೆ ಹಿಂದಿನ ಎಂಟು ವರ್ಷ ನಿಯಂತ್ರಣವೆಂಬುದು ಕಾಗದದ ಮೇಲೆ ಮಾತ್ರ ಉಳಿದಿದ್ದರಿಂದ ಬಂದದ್ದು. ಉದ್ಯಮದ ಮೇಲಿನ ದಿನನಿತ್ಯದ, ಸಪ್ಪೆಯಾದ, ಯಾರಿಗೂ ಸುದ್ದಿಯಾಗದ ನಿಗಾವನ್ನು ಸಡಿಲಗೊಳಿಸಿದ ಮಾತ್ರಕ್ಕೆ ಸರ್ಕಾರದ ಕೆಲಸ ಕಡಿಮೆಯಾಗುವುದಿಲ್ಲ ಎಂಬುದು ಈ ಎರಡು ಜಿಲ್ಲೆಗಳನ್ನು ಬಹುಕಾಲ ನೋಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ. ಕೆಲಸ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಹಾನಿಗೆ ಮೊದಲು ತಕ್ಕಡಿ ಹಿಡಿದು ಬರಬೇಕಾದ ಸರ್ಕಾರ ಹಾನಿಯಾದ ಮೇಲೆ ನ್ಯಾಯಾಲಯದ ತಡೆಯಾಜ್ಞೆಯಾಗಿಯೋ, ಪೊಲೀಸ್ ಜೀಪಾಗಿಯೋ, ಪರಿಹಾರದ ಚೆಕ್ಕಾಗಿಯೋ ಬರುತ್ತದೆ. ನಡುವಿನ ಅವಧಿಯ ನಷ್ಟವನ್ನು ಯಾರು ತುಂಬುತ್ತಾರೆ ಎಂಬುದನ್ನು ಯಾವ ಸುಧಾರಣಾ ಸಮಿತಿಯೂ ಬರೆದಿಡುವುದಿಲ್ಲ.

ಗಣಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ. 1993ರ ರಾಷ್ಟ್ರೀಯ ಖನಿಜ ನೀತಿ ಕಬ್ಬಿಣದ ಅದಿರನ್ನು ಖಾಸಗಿಯವರಿಗೆ ತೆರೆಯಿತು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ, ಅಲ್ಲಿಯವರೆಗೆ ಸಾರ್ವಜನಿಕ ವಲಯಕ್ಕೆಂದು ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಆ ಕಾಯ್ದಿರಿಸುವಿಕೆಯಿಂದ ಬಿಡುಗಡೆ ಮಾಡಿತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ್ದೂ ಅದೇ ವರ್ಷಗಳಲ್ಲಿ. ಆಗ ಗಣಿ ಇಲಾಖೆ ಇರಲಿಲ್ಲವೇ? ಇತ್ತು. ಅರಣ್ಯ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಸಾರಿಗೆ ಇಲಾಖೆ, ಚೆಕ್‌ಪೋಸ್ಟ್, ಪರ್ಮಿಟ್ ಪುಸ್ತಕ ಎಲ್ಲವೂ ಇದ್ದವು. ಯಾವ ಕಾಯ್ದೆಯನ್ನೂ ರದ್ದು ಮಾಡಬೇಕಾಗಿರಲಿಲ್ಲ. ಪರ್ಮಿಟ್ಟಿನಲ್ಲಿ ಬರೆದ ತೂಕಕ್ಕೂ ಲಾರಿಯಲ್ಲಿದ್ದ ತೂಕಕ್ಕೂ ಸಂಬಂಧವಿದೆಯೇ ಎಂದು ನೋಡುವ ಕಣ್ಣನ್ನು ಮುಚ್ಚಿಸಿದರೆ ಸಾಕಾಗಿತ್ತು.

ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ 2011ರ ಜುಲೈನಲ್ಲಿ ಕೊಟ್ಟ ವರದಿ ಬೊಕ್ಕಸಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗೂ ಮಿಗಿಲೆಂದು ಅಂದಾಜು ಮಾಡಿತು. ಅಂಕಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಳ್ಳಾರಿ ಭಾಗದಲ್ಲಿ ನಡೆಯುತ್ತಿದ್ದ ‘ಝೀರೋ ರಿಸ್ಕ್’ ಎಂಬ ಏರ್ಪಾಡಿನ ವಿವರ. ಹಣ ಕೊಟ್ಟರೆ ಪರ್ಮಿಟ್ ಇಲ್ಲದ ಅದಿರೂ ತಡೆಯಿಲ್ಲದೆ ಬಂದರು ತಲುಪುತ್ತದೆ ಎಂಬ ಖಾತರಿಯೇ ಆ ಏರ್ಪಾಡು. ಸರ್ಕಾರದ ನಿಯಂತ್ರಣ ಹೋದ ಜಾಗದಲ್ಲಿ ಸ್ವಾತಂತ್ರ್ಯವೇನೂ ಬಂದು ಕೂರಲಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಅಲ್ಲಿಯೂ ಶುಲ್ಕವಿತ್ತು, ಲೆಕ್ಕವಿತ್ತು, ಪರಿಶೀಲನೆಯಿತ್ತು. ಅದು ಖಾಸಗಿಯವರದಾಗಿತ್ತು, ಅದರ ಮೇಲೆ ಮೇಲ್ಮನವಿ ಹಾಕಲು ಜಾಗವಿರಲಿಲ್ಲ.

ಮುಂದೆ ಕೋರ್ಟು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು, ತೀರಾ ಅಕ್ರಮವೆಸಗಿದ ‘ಸಿ’ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು, ಅದಿರನ್ನು ಇ-ಹರಾಜಿನಲ್ಲಿ ಮಾತ್ರ ಮಾರಬೇಕೆಂದಿತು, ವರ್ಷಕ್ಕೆ ಇಷ್ಟೇ ತೆಗೆಯಬೇಕೆಂಬ ಮಿತಿ ಹಾಕಿತು. ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. 2003ರಲ್ಲಿ ಇದ್ದ ಹಗುರವಾದ ನಿಯಮಗಳನ್ನು ನೆಟ್ಟಗೆ ಪಾಲಿಸಿದ್ದರೆ ಇಷ್ಟು ಭಾರವಾದ ನಿಯಮಗಳ ಅಗತ್ಯವೇ ಬೀಳುತ್ತಿರಲಿಲ್ಲ. 2022ರಲ್ಲಿ ಈ ಮಿತಿಯನ್ನು ನಮ್ಮ ಎರಡು ಜಿಲ್ಲೆಗಳಿಗೆ ಒಂದೂವರೆ ಕೋಟಿ ಟನ್ನಿಗೆ ಏರಿಸಲಾಗಿದೆ. ಏರಿಸಿದ್ದು ತಪ್ಪೆಂದು ನಾನು ಹೇಳಲಾರೆ. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕು, ನಮ್ಮ ಹುಡುಗರಿಗೆ ಕೆಲಸ ಬೇಕು. ಆದರೆ ಮೂರು ಪಟ್ಟು ಅದಿರಿಗೆ ಮೂರು ಪಟ್ಟು ನಿಗಾ ಬೇಕು.

ಇದೇ ಕಥೆ ಸಾಲದ ವ್ಯವಹಾರದಲ್ಲಿ ಇನ್ನೂ ಬೇಗ, ಇನ್ನೂ ಬಡವರ ಮನೆಯಲ್ಲಿ ನಡೆಯಿತು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಜನ ಜೀವ ಕಳೆದುಕೊಂಡಾಗ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕ್ ಮಾಲೆಗಾಂ ಸಮಿತಿಯನ್ನು ನೇಮಿಸಿ, ಅದರ ವರದಿಯ ಮೇಲೆ 2011ರಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳಿಗೆ ನಿಯಮ ರೂಪಿಸಿತು. ಬಡ್ಡಿ ಶೇ 26ನ್ನು ಮೀರಬಾರದು, ಒಬ್ಬ ಸಾಲಗಾರ್ತಿಗೆ ಎರಡಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು ಎಂಬುವು ಅವುಗಳಲ್ಲಿ ಮುಖ್ಯವಾದವು. ಮಿತಿಯ ಲೆಕ್ಕಾಚಾರ ನಡುವೆ ಬದಲಾಯಿತಾದರೂ ಮಿತಿಯೆಂಬುದು ಇತ್ತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿರ್ದೇಶನದಲ್ಲಿ ಬಡ್ಡಿಯ ಮಿತಿ ಹೋಯಿತು, ಎರಡು ಕಂಪನಿಯ ಲೆಕ್ಕವೂ ಹೋಯಿತು. ಅವುಗಳ ಬದಲಿಗೆ, ಬಡ್ಡಿಯನ್ನು ಕಂಪನಿಯ ಆಡಳಿತ ಮಂಡಳಿಯೇ ನಿರ್ಧರಿಸಬಹುದು, ಅದು ವಿಪರೀತವಾಗಿರಬಾರದು, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದಾಯಿತು.

ಓದಲು ಇದು ಸಮಂಜಸವಾಗಿಯೇ ಇದೆ. ಆದರೆ ಮನೆಯ ಆದಾಯವನ್ನು ಅಳೆಯುವವರು ಯಾರು? ಸಾಲ ಕೊಟ್ಟರೆ ಗುರಿ ಮುಟ್ಟುವ, ಗುರಿ ಮುಟ್ಟಿದರೆ ಪ್ರೋತ್ಸಾಹಧನ ಪಡೆಯುವ ಹುಡುಗನೇ ಅದನ್ನೂ ಟ್ಯಾಬಿನಲ್ಲಿ ತುಂಬುತ್ತಾನೆ. ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಹೆಣ್ಣುಮಗಳೊಬ್ಬರು ಒಮ್ಮೆ ತಮ್ಮ ಸಾಲದ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಮುಂದೆ ಹರಡಿದರು. ಬೇರೆ ಬೇರೆ ಕಂಪನಿ, ಬೇರೆ ಬೇರೆ ವಾರ, ಪ್ರತಿ ಕಾರ್ಡಿನ ಹಿಂದೆ ಗುಂಪಿನ ಹೆಂಗಸರ ಹೆಸರು. ಒಂದರಲ್ಲಿ ಅವರ ಗಂಡನ ಉದ್ಯೋಗ ‘ವ್ಯಾಪಾರ’ ಎಂದಿತ್ತು, ಇನ್ನೊಂದರಲ್ಲಿ ‘ಕೃಷಿ’ ಎಂದಿತ್ತು; ಆತ ಅಕ್ಕಿ ಗಿರಣಿಯಲ್ಲಿ ಹಮಾಲಿ. “ಅಣ್ಣಾ, ಸೋಮವಾರದ ಸಂಘಕ್ಕೆ ಕಟ್ಟೋಕೆ ಗುರುವಾರದ ಸಂಘದಲ್ಲಿ ತಗೊಂಡೆ. ಗುರುವಾರದ್ದು ಕಟ್ಟೋಕೆ ಈಗ ಯಾರತ್ರ ಹೋಗ್ಲಿ?” ಎಂದು ಕೇಳಿದರು. ಅವರಿಗೆ ಸಾಲ ಸಿಗದಿರುವುದು ಕಷ್ಟವಾಗಿರಲಿಲ್ಲ, ಬಹಳ ಸುಲಭವಾಗಿ ಸಿಕ್ಕಿದ್ದೇ ಕಷ್ಟವಾಗಿತ್ತು.

ಆಮೇಲೆ ಸರ್ಕಾರ ಬಂತು. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಬಡ್ಡಿ ವಿಪರೀತವಾಯಿತೆಂದು ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ ತಡೆಯಿತು. 2025ರ ಜನವರಿಯ ವೇಳೆಗೆ ರಾಜ್ಯದ ಹಲವು ಕಡೆ ಕುಟುಂಬಗಳು ವಸೂಲಿಗಾರರಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ದಾವಣಗೆರೆಯ ನೆರೆಯ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಅದನ್ನು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳುಹಿಸಿದ್ದರು. ಫೆಬ್ರುವರಿ 12ರಂದು ಹೊರಬಿದ್ದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡವಿದೆ. ಅದನ್ನು ಮೊದಲ ಸಲ ಹಿಂದಿರುಗಿಸಿದ್ದ ರಾಜ್ಯಪಾಲರು ಶಿಕ್ಷೆ ಅತಿಯಾಯಿತೆಂದು ಹೇಳಿದ್ದರಲ್ಲಿ ಹುರುಳಿಲ್ಲದಿಲ್ಲ. ಬಡ್ಡಿಗೊಂದು ಮಿತಿ, ಕಂಪನಿಗಳ ಸಂಖ್ಯೆಗೊಂದು ಮಿತಿ ಎಂಬ ಎರಡು ಸಾಲಿನ ನಿಯಮ ಮಾಡುತ್ತಿದ್ದ ಕೆಲಸವನ್ನು ಈಗ ಠಾಣೆಯ ಇನ್‌ಸ್ಪೆಕ್ಟರ್ ಮಾಡಬೇಕಾಗಿದೆ. ಬಡ್ಡಿ ಲೆಕ್ಕ ಹಾಕುವುದು ಅವರ ಕಸುಬಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಮೆಕ್ಕೆಜೋಳದ ವಿಷಯ. ದಾವಣಗೆರೆಯ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಯಾರ್ಡನ್ನು ಸುಗ್ಗಿಯಲ್ಲಿ ನೋಡಿದವರಿಗೆ ಅಲ್ಲಿನ ಕ್ರಮ ಗೊತ್ತಿರುತ್ತದೆ. ದಲ್ಲಾಳಿ ಅಂಗಡಿಯ ಮುಂದೆ ರಾಶಿ ಸುರಿಯುತ್ತಾರೆ, ಲಾಟಿಗೆ ನಂಬರ್ ಬೀಳುತ್ತದೆ, ಖರೀದಿದಾರರು ಬಂದು ಬೊಗಸೆಯಲ್ಲಿ ಕಾಳು ಎತ್ತಿ, ಹಲ್ಲಿಗೆ ಹಾಕಿ ಕಡಿದು, ತೇವಾಂಶದ ಯಂತ್ರದಲ್ಲಿಟ್ಟು ನೋಡುತ್ತಾರೆ. ಟೆಂಡರ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆಮೇಲೆ ಹಮಾಲರು ಚೀಲ ತುಂಬಿ, ತೂಗಿ, ದಬ್ಬಣದಿಂದ ಬಾಯಿ ಹೊಲಿಯುತ್ತಾರೆ. ಈ ಪ್ರತಿ ಹಂತಕ್ಕೂ 1966ರ ಎಪಿಎಂಸಿ ಕಾಯ್ದೆಯಲ್ಲಿ ಆಧಾರವಿದೆ. ಕೊಳ್ಳುವವನಿಗೆ ಲೈಸೆನ್ಸ್ ಇರಬೇಕು, ಅವನು ಭದ್ರತಾ ಠೇವಣಿ ಇಟ್ಟಿರಬೇಕು, ತೂಕದ ಯಂತ್ರಕ್ಕೆ ಮುದ್ರೆ ಬಿದ್ದಿರಬೇಕು, ದಲ್ಲಾಳಿಯ ಕಮಿಷನ್ ಕೊಳ್ಳುವವನಿಂದ ಬರಬೇಕೇ ಹೊರತು ರೈತನಿಂದಲ್ಲ.

ಇದೆಲ್ಲ ಕಾಯ್ದೆಯಲ್ಲಿರುವಂತೆ ನಡೆಯುತ್ತಿತ್ತು ಎಂದು ಹೇಳಿದರೆ ಯಾರ್ಡಿನ ಹಮಾಲನೂ ನಕ್ಕಾನು. ಚೀಲದ ತೂಕವೆಂದು ಒಂದಿಷ್ಟು, ಸ್ಯಾಂಪಲ್ ಎಂದು ಒಂದಿಷ್ಟು, ಧೂಳೆಂದು ಒಂದಿಷ್ಟು ಕಳೆಯುತ್ತಿದ್ದರು. ರೈತನಿಂದ ಕಮಿಷನ್ ಹಿಡಿದುಕೊಳ್ಳುವ ಅಂಗಡಿಗಳಿದ್ದವು, ಬಿಳಿ ಚೀಟಿಯಲ್ಲಿ ಲೆಕ್ಕ ಬರೆಯುವ ಅಂಗಡಿಗಳಿದ್ದವು. ಖರೀದಿದಾರರು ಒಳಗೊಳಗೇ ಮಾತಾಡಿಕೊಂಡು ಟೆಂಡರ್ ಹಾಕುತ್ತಾರೆ ಎಂಬ ದೂರು ನನ್ನ ತಿಳಿವಳಿಕೆ ಬಂದಾಗಿನಿಂದಲೂ ಇದೆ. ಸುಧಾರಣೆ ಬೇಕೆಂದವರು ಈ ದೂರುಗಳನ್ನೇ ಹಿಡಿದು ಮಾತಾಡಿದ್ದರಿಂದ ಅವರ ಮಾತಿಗೆ ರೈತರಲ್ಲೂ ಕಿವಿಗೊಟ್ಟವರಿದ್ದರು. ಆದರೆ ಈ ದೂರುಗಳೆಲ್ಲ ನಿಯಮ ಮುರಿದವರ ಮೇಲಿನವು, ನಿಯಮದ ಮೇಲಿನವಲ್ಲ. ರೋಗ ಯಾರ್ಡಿನ ಗೋಡೆಯೊಳಗೆ ನಿಗಾ ಸಾಲದಿದ್ದದ್ದು. ಕೊಟ್ಟ ಮದ್ದು ಗೋಡೆಯ ಹೊರಗೆ ನಿಗಾ ಇಲ್ಲದಂತೆ ಮಾಡಿದ್ದು.

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದು ಮಾರುಕಟ್ಟೆ ಸಮಿತಿಯ ಅಧಿಕಾರವನ್ನು ಯಾರ್ಡಿನ ಒಳಕ್ಕೆ ಸೀಮಿತಗೊಳಿಸಿತು. ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಕೇಂದ್ರದ ಕಾಯ್ದೆ ಇನ್ನೂ ಮುಂದೆ ಹೋಗಿ, ಪ್ಯಾನ್ ಕಾರ್ಡ್ ಇದ್ದ ಯಾರಾದರೂ ಯಾರ್ಡಿನ ಹೊರಗೆ ರೈತನಿಂದ ಕೊಳ್ಳಬಹುದು, ತಕರಾರು ಬಂದರೆ ಉಪವಿಭಾಗಾಧಿಕಾರಿ ನೋಡುತ್ತಾರೆ ಎಂದಿತು. ಯಾರ್ಡಿನ ಹೊರಗಿನ ವ್ಯಾಪಾರಕ್ಕೆ ಆಗ ಮಾರುಕಟ್ಟೆ ಶುಲ್ಕವಿರಲಿಲ್ಲ, ಯಾರ್ಡಿನೊಳಗೆ ಇತ್ತು. ಹೊರಗಿನವರ ಜತೆ ಪೈಪೋಟಿಗಾಗಿ ಒಳಗಿನ ಶುಲ್ಕವನ್ನೂ ಶೇ 1.5ರಿಂದ 0.35ಕ್ಕೆ ಇಳಿಸಿದರು, ಆಮೇಲೆ ಸಮಿತಿಗಳು ಸಂಬಳಕ್ಕೂ ಪರದಾಡುವಂತಾದಾಗ ತುಸು ಏರಿಸಿದರು. ಯಾರ್ಡಿನ ರಸ್ತೆ, ದೀಪ, ನೀರು, ಲಾರಿ ತೂಗುವ ವೇಬ್ರಿಡ್ಜ್, ಸಿಬ್ಬಂದಿ ಎಲ್ಲವೂ ನಡೆಯುವುದು ಆ ಶುಲ್ಕದಿಂದ. ನಿಗಾ ಇಡಬೇಕಾದ ಸಂಸ್ಥೆಯ ಅಧಿಕಾರವನ್ನು ಮೊಟಕು ಮಾಡಿದ್ದು ಎಲ್ಲರ ಕಣ್ಣಿಗೆ ಬಿತ್ತು, ಅದರ ಜೇಬು ಬರಿದು ಮಾಡಿದ್ದು ಅಷ್ಟಾಗಿ ಬೀಳಲಿಲ್ಲ.

ಜಗಳೂರು ತಾಲ್ಲೂಕಿನಲ್ಲಿರುವ ನನ್ನ ಸೋದರಮಾವ ಆ ಮುಂದಿನ ಸುಗ್ಗಿಯಲ್ಲಿ ಕಣದಲ್ಲೇ ಮೆಕ್ಕೆಜೋಳ ಮಾರಿದರು. ಯಾರ್ಡಿಗೆ ಯಾಕೆ ಒಯ್ಯಲಿಲ್ಲ ಎಂದು ಕೇಳಿದಾಗ ಅವರು ಕೊಟ್ಟ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ: “ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ, ಒಂದು ರಾತ್ರಿ ಅಲ್ಲೇ ಮಲಗೋದು, ಇದನ್ನೆಲ್ಲ ನೀನು ಕೊಡ್ತೀಯೇನಪ್ಪಾ? ಇವ್ನು ಬಾಗಿಲಿಗೇ ಲಾರಿ ತರ್ತಾನೆ.” ಲಾರಿ ಬಂತು, ಜತೆಗೆ ಕಾಂಟಾ ಬಂತು. ಕಾಂಟಾದ ಮೇಲೆ ಮುದ್ರೆ ಇದೆಯೇ ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ತೇವಾಂಶವನ್ನು ವ್ಯಾಪಾರಿ ಬೆರಳಿನಿಂದಲೇ ಹೇಳಿದ. ತೂಕ ಮುಗಿದ ಮೇಲೆ ಕ್ಯಾಲೆಂಡರಿನ ಹಾಳೆಯ ಹಿಂದೆ ಚೀಲದ ಲೆಕ್ಕ, ದರ, ಕೊಟ್ಟ ಮುಂಗಡ, ಕೊಡಬೇಕಾದ ಬಾಕಿ ಬರೆದು ಕೊಟ್ಟ. ಅದರಲ್ಲಿ ಅವನ ಸಹಿ ಇತ್ತು, ಪೂರ್ತಿ ಹೆಸರಿರಲಿಲ್ಲ. ಮೊದಲ ಕಂತು ಬಂತು, ಅರ್ಧದಷ್ಟು ಬಾಕಿ ಬರಲೇ ಇಲ್ಲ.

ಮಾವನ ಜತೆ ನಾನು ಹೋದ ಕಚೇರಿಗಳಲ್ಲಿ ಯಾರೂ ಒರಟಾಗಿ ಮಾತಾಡಲಿಲ್ಲ. ಮಾರುಕಟ್ಟೆ ಸಮಿತಿಯಲ್ಲಿ, ಯಾರ್ಡಿನ ಹೊರಗೆ ನಡೆದ ವ್ಯಾಪಾರ ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಆ ಮನುಷ್ಯನಿಗೆ ತಮ್ಮ ಲೈಸೆನ್ಸೂ ಇಲ್ಲ ಎಂದರು. ಠಾಣೆಯಲ್ಲಿ ಚೀಟಿಯನ್ನು ತಿರುವಿ ನೋಡಿ, ಇದು ಸಿವಿಲ್ ವ್ಯಾಜ್ಯ ಎಂದರು. ಕೇಂದ್ರದ ಕಾಯ್ದೆಗೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತಾದ್ದರಿಂದ ಉಪವಿಭಾಗಾಧಿಕಾರಿಯ ದಾರಿಯೂ ಇರಲಿಲ್ಲ. ವಕೀಲರು ಫೀಸು ಹೇಳಿದಾಗ ಮಾವ ಬಾಕಿಯ ಮೊತ್ತವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಎದ್ದು ಬಂದರು. ಯಾರ್ಡಿನ ದಲ್ಲಾಳಿ ಸ್ಯಾಂಪಲ್ ನೆಪದಲ್ಲಿ ತಿನ್ನುತ್ತಿದ್ದದ್ದು ಕಿಲೋ ಲೆಕ್ಕದಲ್ಲಿ. ಅವನು ಹಣ ಕೊಡದಿದ್ದರೆ ಅವನ ಅಂಗಡಿ ಎಲ್ಲಿದೆ ಎಂದಾದರೂ ಗೊತ್ತಿರುತ್ತಿತ್ತು.

ಈ ಪ್ರಯೋಗದ ಫಲವನ್ನು ನೋಡಲು ನಾವು ಕಾಯಬೇಕಾಗಿಯೂ ಇರಲಿಲ್ಲ. ಮೆಕ್ಕೆಜೋಳವನ್ನು ನಮ್ಮ ಹಾಗೆಯೇ ಹೇರಳವಾಗಿ ಬೆಳೆಯುವ ಬಿಹಾರ 2006ರಲ್ಲೇ ತನ್ನ ಎಪಿಎಂಸಿ ಕಾಯ್ದೆಯನ್ನು ರದ್ದು ಮಾಡಿತ್ತು. ಖಾಸಗಿ ಬಂಡವಾಳ ಬಂದು ಹೊಸ ಮಾರುಕಟ್ಟೆಗಳನ್ನು ಕಟ್ಟುತ್ತದೆ ಎಂಬ ಭರವಸೆ ಅಲ್ಲಿ ಈಡೇರಲಿಲ್ಲ, ಹಳೆಯ ಪ್ರಾಂಗಣಗಳು ದುರಸ್ತಿಯಿಲ್ಲದೆ ಹಾಳಾದವು, ಬೆಂಬಲ ಬೆಲೆಗಿಂತ ಕಡಿಮೆಗೆ ಊರಿನ ವ್ಯಾಪಾರಿಗೇ ಮಾರುವುದು ಸಣ್ಣ ರೈತನ ಪಾಡಾಯಿತು. ಕೇಂದ್ರ ತನ್ನ ಕಾಯ್ದೆಗಳನ್ನು 2021ರ ನವೆಂಬರ್‌ನಲ್ಲಿ ಹಿಂಪಡೆಯಿತು. ರಾಜ್ಯದ ತಿದ್ದುಪಡಿಯನ್ನು ಕೈಬಿಡುವ ಮಸೂದೆ ಸರ್ಕಾರ ಬದಲಾದ ಮೇಲೆ 2023ರಲ್ಲಿ ವಿಧಾನಸಭೆಗೆ ಬಂತು. ಆದರೆ ಕಣಕ್ಕೆ ಲಾರಿ ತರುವ ವ್ಯಾಪಾರಿಗೂ ಕಣದಲ್ಲೇ ಮಾರುವ ರೈತನಿಗೂ ಆ ಹೊತ್ತಿಗೆ ರೂಢಿ ಬೆಳೆದಿತ್ತು. ಕಾಯ್ದೆಯ ಅಕ್ಷರ ಹಿಂದಕ್ಕೆ ಬಂದಷ್ಟು ಬೇಗ ರೂಢಿ ಹಿಂದಕ್ಕೆ ಬರುವುದಿಲ್ಲ.

ಕಾರ್ಮಿಕ ಕಾನೂನಿನ ವಿಷಯಕ್ಕೆ ಬಂದರೆ, ದಾವಣಗೆರೆಗೆ ಅದರ ಹಳೆಯ ನೆನಪಿದೆ. ಹತ್ತಿ ಗಿರಣಿಗಳಿಂದ ಹೆಸರಾಗಿ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳಿಸಿದ ಊರಿದು. ಗಿರಣಿಗಳು ಮುಚ್ಚಿದ್ದಕ್ಕೆ ಕಾರ್ಮಿಕ ಕಾನೂನೇ ಕಾರಣ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಪವರ್‌ಲೂಮಿನ ಪೈಪೋಟಿ, ಹಳೆಯ ಯಂತ್ರಗಳು, ಆಡಳಿತದ ಎಡವಟ್ಟು ಇವನ್ನು ಹೇಳಿದವರು ಕಡಿಮೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ಪ್ರಕಾರ, ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾಗುವುದು 100ರ ಬದಲು 300 ಕಾರ್ಮಿಕರಿದ್ದಲ್ಲಿ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆ ಎನ್ನಲು 10ರ ಬದಲು 20 ಜನ, ಬಳಸದಿದ್ದಲ್ಲಿ 20ರ ಬದಲು 40 ಜನ ಬೇಕು. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮುಂದೆ ನಿಂತು ದುಡಿಯುವವರ ತಲೆ ಎಣಿಸಿದರೆ ಈ ಅಂಕಿಗಳ ಅರ್ಥವೇನೆಂದು ತಿಳಿಯುತ್ತದೆ.

ತಪಾಸಣೆ ಮಾಡುವವರು ಈಗ ‘ನಿರೀಕ್ಷಕ ಮತ್ತು ಸೌಲಭ್ಯಕಾರ’ರು. ಯಾವ ಘಟಕಕ್ಕೆ ಹೋಗಬೇಕೆಂಬುದನ್ನು ಅವರಲ್ಲ, ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸುತ್ತದೆ. ಹಳೆಯ ಪದ್ಧತಿಯ ಇನ್‌ಸ್ಪೆಕ್ಟರ್ ಹಬ್ಬದ ಮುಂಚೆ ಬಂದು ಮಾಮೂಲು ಒಯ್ಯುತ್ತಿದ್ದ ಎಂಬುದು ಸಣ್ಣ ಉದ್ದಿಮೆದಾರರ ನಿಜವಾದ ಸಂಕಟ, ಅದನ್ನು ತಳ್ಳಿಹಾಕಲಾಗದು. ಆರಿಸುವ ಕೆಲಸ ಅವನ ಕೈತಪ್ಪಿದ್ದು ಒಳ್ಳೆಯದೇ. ಆದರೆ ಮಾಮೂಲಿಗೆ ಬರುವವನನ್ನು ತಡೆಯುವುದು ಬೇರೆ, ಯಾರೂ ಬರದಂತೆ ಮಾಡುವುದು ಬೇರೆ. ಎರಡನೆಯದು ಏನು ಮಾಡುತ್ತದೆ ಎಂಬುದನ್ನು 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕಲ್ಲುಗಣಿ ಸ್ಫೋಟ ತೋರಿಸಿತು. ದಾವಣಗೆರೆ ಜಿಲ್ಲೆಯ ಕೆಲವು ಕಡೆಯೂ ಜನ ಭೂಕಂಪವೆಂದುಕೊಂಡು ಮನೆಯಿಂದ ಹೊರಗೆ ಬಂದಿದ್ದರು. ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು, ತನಿಖೆಗೆ ಆದೇಶಿಸಿದರು. ಸುಮಾರು ಒಂದು ತಿಂಗಳಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಮತ್ತೆ ಜನ ಸತ್ತರು.

ಆದ್ದರಿಂದ ಸಂಹಿತೆಗಳ ವಿಷಯದಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕಂಪ್ಯೂಟರ್ ಆರಿಸಿದ ಪಟ್ಟಿಯಲ್ಲಿ ದಾವಣಗೆರೆ ಜಿಲ್ಲೆಯ ಎಷ್ಟು ಭಟ್ಟಿ, ಎಷ್ಟು ಅಕ್ಕಿ ಗಿರಣಿ, ಎಷ್ಟು ಕ್ರಷರ್ ಇದ್ದವು, ಅವುಗಳಲ್ಲಿ ಎಷ್ಟಕ್ಕೆ ನಿಜವಾಗಿ ಯಾರಾದರೂ ಹೋದರು, ಹೋದವರು ಏನು ಬರೆದರು ಎಂಬುದನ್ನು ಕಾರ್ಮಿಕ ಇಲಾಖೆ ವರ್ಷಕ್ಕೊಮ್ಮೆ ಜಿಲ್ಲಾ ಪಂಚಾಯಿತಿಯ ಮುಂದಿಡಲಿ. ಮೊದಲ ವರ್ಷದ ಪಟ್ಟಿ ಬಂದರೆ ಅದನ್ನು ಓದಿ ಮತ್ತೆ ಬರೆಯುತ್ತೇನೆ. ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕವಿದೆ, ಅದನ್ನು ಕಟ್ಟಿ ಕೇಳುತ್ತೇನೆ.